ಪಕ್ಕದ ಮನೆಯಿಂದ ಕೊಲಂಬೊಗೆ

ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಜಯನಗರದ ನಮ್ಮ ಮನೆಯಿಂದ ಏರ್‌ಪೋರ್ಟಿಗೆ ಕೆಲವು ದಿನ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಮ್ಮಮ್ಮನ ಲೆಕ್ಕವೇ ಬೇರೆ.

ಅಮ್ಮನ ಒಬ್ಬಳೇ ತಂಗಿ, ನನ್ನ ಚಿಕ್ಕಮ್ಮ, ಇರುವುದು ಕೊಲಂಬೊದಲ್ಲಿ. ಕಳೆದ ವರ್ಷ ಅವಳಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಶುಕ್ರವಾರ ಬೆಳಿಗ್ಗೆ ಅಂತ ನಿಶ್ಚಯವಾಗಿತ್ತು, ಇನ್ನು ಮುಂದೂಡುವ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದರು. ಚಿಕ್ಕಮ್ಮನದು ಮಾತ್ರ ಒಂದೇ ಹಟ: "ಅಕ್ಕ ಬರ್ದೆ ನಾನು ಥಿಯೇಟರ್ ಒಳಗೆ ಹೋಗಲ್ಲ." ಅರವತ್ತು ದಾಟಿದರೂ ಅಕ್ಕನ ಸೆರಗು ಬಿಡದ ಜೀವ ಅದು.

ಗುರುವಾರದ ವಿಮಾನಕ್ಕೆ ಟಿಕೆಟ್ ಮಾಡಿದೆ. ಅಮ್ಮ ಪಂಚಾಂಗ ತೆಗೆದಳು. ಗುರುವಾರ ದಕ್ಷಿಣ ದಿಕ್ಕಿಗೆ ಹೊರಡಬಾರದಂತೆ.

"ವಿಮಾನಕ್ಕೆ ಅದೆಲ್ಲ ಎಲ್ಲಮ್ಮಾ?" ಅಂದೆ.

"ಹೋಗ್ತಿರೋದು ನಾನು, ವಿಮಾನ ಅಲ್ಲ."

ಪರಿಹಾರವೂ ಅವಳ ಹತ್ತಿರವೇ ಇತ್ತು: ಪರಸ್ಥಾನ. ಒಳ್ಳೆಯ ದಿನ ನೋಡಿ ನಮ್ಮ ಸಾಮಾನೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಅವತ್ತೇ ಶುರುವಾದ ಹಾಗೆ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಬುಧವಾರ ಸಂಜೆ ಅಮ್ಮನ ಕೈಚೀಲ ಪಕ್ಕದ ಮನೆ ಆಂಟಿಯ ದೇವರ ಕೋಣೆ ಸೇರಿತು.

ಗುರುವಾರ ಬೆಳಿಗ್ಗೆ ಟ್ಯಾಕ್ಸಿ ಬಂದಾಗ ಆ ಮನೆಗೆ ಬೀಗ. ಅಮ್ಮ ಹೊರಡುವುದು ಸಂಜೆ ಎಂದುಕೊಂಡು ಆಂಟಿ ಬಿಳೇಕಹಳ್ಳಿಗೆ, ಮಗಳ ಮನೆಗೆ ಹೋಗಿದ್ದರು.

"ಚೀಲ ಇಲ್ಲೇ ಇರ್ಲಿ ಬಿಡು, ಹೊರಡೋಣ."

"ಪಾಸ್‌ಪೋರ್ಟ್ ಅದ್ರಲ್ಲೇ ಇದೆ ಕಣೋ," ಅಂದಳು ಅಮ್ಮ. ಮುಖ್ಯವಾದದ್ದೇ ಮೊದಲು ಹೊರಡಲಿ ಅಂತ ಇಟ್ಟಳಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕನ್ನು ಶಪಿಸುತ್ತ ಸ್ಕೂಟರಿನಲ್ಲಿ ಹೋಗಿ, ಆಂಟಿಯನ್ನು ಹಿಂದೆ ಕೂರಿಸಿಕೊಂಡು ಬಂದೆ. ಅಷ್ಟರಲ್ಲಿ ಟ್ಯಾಕ್ಸಿಯವನು ಫೋನು ನೋಡಿ, "ಇನ್ನು ಫ್ಲೈಟ್ ಸಿಗಲ್ಲ ಸಾರ್," ಅಂದ. ಮುಂದಿನ ಟಿಕೆಟ್ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆಗೆ. ಚಿಕ್ಕಮ್ಮನನ್ನು ಒಳಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅಮ್ಮ ಆಕಾಶದಲ್ಲಿ ಇರುತ್ತಿದ್ದಳು.

ಇಷ್ಟಾದರೂ ಅಮ್ಮ ನಮ್ಮ ಮನೆಯೊಳಗೆ ಬರಲಿಲ್ಲ. ದೇವರಿಗೆ ದೀಪ ಹಚ್ಚಿ ಹೊರಟಾಗಿದೆ, ವಾಪಸ್ ಬಂದರೆ ಎಲ್ಲ ಕೆಟ್ಟುಹೋಗುತ್ತದೆ ಅಂತ ಪಕ್ಕದ ಮನೆಯಲ್ಲೇ ಉಳಿದಳು. ನಾನು ಕಾಂಪೌಂಡ್ ಗೋಡೆಯ ಮೇಲಿಂದ ಕಾಫಿ ಕೊಟ್ಟೆ. ಆ ಲೋಟ ಹಿಡಿದುಕೊಂಡೇ ಅವಳು ತಂಗಿಗೆ ಫೋನ್ ಮಾಡಿದಳು. ಆಚೆಯಿಂದ ಚಿಕ್ಕಮ್ಮ ಅಳುವುದು ನನಗೂ ಕೇಳಿಸುತ್ತಿತ್ತು.

"ನಾನು ಹೊರಟಾಗಿದೆ ಕಣೇ," ಅಂದಳು ಅಮ್ಮ. "ನಿನ್ನೇನೇ ಪರಸ್ಥಾನ ಇಟ್ಟೆ. ಬೆಳಿಗ್ಗೆ ಹೊರಟಮೇಲೆ ಮತ್ತೆ ಮನೆ ಹೊಸಿಲು ತುಳಿದಿಲ್ಲ."

"ರಾತ್ರಿ ಎಲ್ಲಿ ಮಲಗ್ತೀಯ?"

"ಪಕ್ಕದ ಮನೇಲಿ."

ಚಿಕ್ಕಮ್ಮ ಅಳುವಿನ ಮಧ್ಯೆಯೇ ನಕ್ಕಳು. "ಹಾಗಾದ್ರೆ ಬಂದ ಹಾಗೇ ಬಿಡು. ನಾನು ಒಳಗೆ ಹೋಗ್ತೀನಿ, ನೀನು ಬಾ."

ಫೋನ್ ಇಟ್ಟ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಲು ಫ್ರಿಜ್ಜಿನಲ್ಲಿ ಇಟ್ಟೆಯಾ ಅಂತ ಕೇಳಿದಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಆಪರೇಷನ್ ಚೆನ್ನಾಗಿ ಆಯಿತು. ಚಿಕ್ಕಮ್ಮ ಕಣ್ಣು ಬಿಟ್ಟಾಗ ಅಮ್ಮ ಮಂಚದ ಪಕ್ಕದಲ್ಲಿ ಕೂತಿದ್ದಳಂತೆ.

"ಯಾವಾಗ ಬಂದೆ ಅಕ್ಕ?"

"ಬುಧವಾರ."