ಮೇನ್ ಸ್ವಿಚ್ಚಿನ ಕಾವಲು

ಟೈಲರಮ್ಮನಿಗೆ ಗಂಡನ ಮುಖ ಕಂಡರೆ ಆಗುತ್ತಿರಲಿಲ್ಲ. ಅದೇನು ಗುಟ್ಟಲ್ಲ, ಬೀದಿಗೆಲ್ಲ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ತನ್ನ ಅಮ್ಮನ ಮಾತು ಕೇಳಿ ಹೆಂಡತಿಯ ಹೊಲಿಗೆ ಮಷಿನನ್ನು ಅಟ್ಟಕ್ಕೆ ಹಾಕಿದ ಮಹಾನುಭಾವ ಅವನು. ಅವಳು ಜಗಳವಾಡಿಯೇ ಅದನ್ನು ಇಳಿಸಿಕೊಂಡಳು. ಅಂದಿನಿಂದ ಮನೆ ಅರ್ಧ ನಡೆಯುವುದೇ ಅವಳ ದುಡಿಮೆಯಲ್ಲಿ, ಆದರೆ ಅಮ್ಮನಾಗಲಿ ಮಗನಾಗಲಿ ಒಮ್ಮೆಯೂ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಅವಳೂ ಸುಮ್ಮನಿರುವ ಪೈಕಿಯಲ್ಲ. ಸಿಟ್ಟು ನೆತ್ತಿಗೇರಿದರೆ ಹೋಗಿ ಅತ್ತೆಯ ಕೋಣೆಯ ಫ್ಯಾನ್ ಆರಿಸಿ ಬರುತ್ತಿದ್ದಳು.

ಈಗ ಬಚ್ಚಲುಮನೆ ರಿಪೇರಿಯ ಗಲಾಟೆ. ಗೋಡೆಗೆ ಕಚ್ಚಿಕೊಂಡಿದ್ದ, ನೀರು ಕಾಯಿಸುವ ಹಳೇ ಕರೆಂಟ್ ಶವರ್ ಬಿಚ್ಚಬೇಕಿತ್ತು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಎಂದರೆ, ವರ್ಕ್‌ಶಾಪಿನಲ್ಲಿ ಲಾರಿಗಳನ್ನೇ ಬಿಚ್ಚುವವನಿಗೆ ಇದ್ಯಾವ ಲೆಕ್ಕ ಎಂದು ಗಂಡ ಮೂಗು ಮುರಿದ. ಜೀವದ ಮೇಲೆ ಆಸೆ ಮಾತ್ರ ಬೇಕಾದಷ್ಟಿತ್ತು. ನೀರಿನ ವಾಲ್ವ್ ಮುಚ್ಚಿದ. ಶವರ್‌ನ ಸ್ವಿಚ್ ಸುಟ್ಟು ಅಂಟಿಕೊಂಡಿದ್ದರಿಂದ ಇಡೀ ಮನೆಯ ಮೇನ್ ಆರಿಸಿದ, ಟೆಸ್ಟರ್ ಇಟ್ಟು ಎರಡೆರಡು ಸಲ ನೋಡಿದ. ಆಮೇಲೆ ಹೆಂಡತಿಯನ್ನು ಕರೆದು ಮೇನ್ ಬೋರ್ಡಿನ ಕೆಳಗೆ ನಿಲ್ಲಿಸಿದ. ತಾನು ಹೇಳುವ ತನಕ ಯಾರೂ ಅದನ್ನು ಮುಟ್ಟಕೂಡದು ಎಂದು ಕಟ್ಟಪ್ಪಣೆಯಾಯಿತು.

ಹೊಲಿಯಬೇಕಾದ ಬಟ್ಟೆ ರಾಶಿ ಬಿದ್ದಿತ್ತು, ಮಷಿನ್‌ಗೆ ಕರೆಂಟಿಲ್ಲ. ಅವಳು ಹಲ್ಲು ಕಚ್ಚಿ ನಿಂತಳು. ಸ್ಕ್ರೂ ತಿರುಗದಿದ್ದಾಗಲೆಲ್ಲ ಬಚ್ಚಲಿನೊಳಗಿಂದ ಅವಳಿಗೇ ಬೈಗುಳ ಬರುತ್ತಿತ್ತು. ಕೈ ಎತ್ತಿದರೆ ಸ್ವಿಚ್ ಸಿಗುತ್ತದೆ ಎಂಬ ಯೋಚನೆ ಅವಳಿಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾದೀತು. ಅದರ ಬೆನ್ನಿಗೇ ತನ್ನ ಮೇಲೆ ತನಗೇ ಹೇಸಿಗೆಯಾಗಿ ಬಿಗಿಯಾಗಿ ಕೈಕಟ್ಟಿಕೊಂಡಳು.

ಅಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಕೆಟ್ಟು ಅತ್ತೆ ಬೆವರೊರೆಸಿಕೊಳ್ಳುತ್ತ ಬಂದಳು.

“ಮತ್ತೆ ಶುರು ಹಚ್ಕೊಂಡ್ಯಾ? ನಾನು ಬೆಂದು ಸಾಯ್ಲಿ ಅಂತಾನಾ?”

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮುದುಕಿಯ ಕೈ ಸ್ವಿಚ್ಚಿನ ಮೇಲಿತ್ತು. ಟೈಲರಮ್ಮ ಆ ಕೈಗೆ ರಪ್ಪನೆ ಹೊಡೆದು ಆಚೆ ತಳ್ಳಿದಳು.

ಅತ್ತೆ ನೆಲಕ್ಕೆ ಕುಸಿದು ಊರು ಒಂದಾಗುವಂತೆ ಕೂಗಿಕೊಂಡಳು. ಗಂಡ ಓಡಿ ಬಂದು, ಹೆತ್ತವಳ ಮೇಲೆ ಕೈ ಮಾಡಿದವಳನ್ನು ಬಾಯಿಗೆ ಬಂದಂತೆ ಬೈದ. ಟೈಲರಮ್ಮ ನಡೆದದ್ದನ್ನು ಹೇಳಿದಳು. ಅಮ್ಮನೂ ಇಲ್ಲವೆನ್ನಲಿಲ್ಲ, ಫ್ಯಾನಿಗಾಗಿ ಸ್ವಿಚ್ ಹಾಕಹೋದೆ ಎಂದಳು. ಆದರೂ ಸೋಲುವ ಜಾಯಮಾನ ಅವನದಲ್ಲ.

“ಏನೇ ಆಗ್ಲಿ, ಅಮ್ಮ ದೊಡ್ಡೋರು. ತಪ್ಪಾಯ್ತು ಅನ್ನು.”

“ಅನ್ನಲ್ಲ. ಇಷ್ಟು ವರ್ಷದಲ್ಲಿ ನಿಮ್ಮನ್ನ ಕಂಡ್ರೆ ನಂಗೆ ಒಂದಿನಾನೂ ಆಗ್ಲಿಲ್ಲ, ಆದ್ರೂ ಇಲ್ಲಿ ನಿಂತು ನಿಮ್ಮ ಜೀವ ಕಾದೆ. ಇನ್ನು ನಿಮ್ಮ ಮೇಲೆ ಪ್ರಾಣ ಇಟ್ಕೊಂಡಿರೋರೇ ಕಾಯ್ಲಿ.”

ಹೇಳಿ, ಹೋಗಿ ಬಟ್ಟೆ ರಾಶಿಯ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಿ ಗುಂಡಿ ಹಾಕತೊಡಗಿದಳು.

ಬಚ್ಚಲಲ್ಲಿ ಬಿಚ್ಚಿದ ತಂತಿಗಳ ತುದಿ ಹಾಗೇ ಹೊರಚಾಚಿತ್ತು, ಇನ್ನೂ ಮುಚ್ಚಬೇಕಿತ್ತು. ಅತ್ತೆ ಕಣ್ಣೊರೆಸಿಕೊಂಡು ಎದ್ದು ಬಂದು ಬೋರ್ಡಿನ ಕೆಳಗೆ ನಿಂತಳು. ತಾನಿರುವಾಗ ಏನು ಭಯ, ಹೋಗಿ ಕೆಲಸ ಮುಗಿಸು ಎಂದು ಮಗನಿಗೆ ಧೈರ್ಯ ಹೇಳಿದಳು.

ಮಗ ಅಮ್ಮನ ಮುಖ ನೋಡಿದ, ಸ್ವಿಚ್ ನೋಡಿದ. ಬಚ್ಚಲಿನ ಕಡೆಗೆ ಹೆಜ್ಜೆ ಮಾತ್ರ ಕೀಳಲಿಲ್ಲ.