ಪರೀಕ್ಷೆಗೆ ಕೂರುವ ಗಂಗಾಧರ ಮಾಮ

ಪಲ್ಲಾವರದ ಗಂಗಾಧರ ಮಾಮನಿಗೆ ಎಚ್‌ಐವಿ ಇರುವುದು ಹಳೆಯ ಸಂಗತಿ. ಅದರ ಹೆದರಿಕೆಯೂ ಹಳತಾಗಿದೆ. ಈಗ ಅವರನ್ನು ನಡುಗಿಸುವುದು ಒಂದೇ: ದಿನವೂ ನುಂಗುವ ಮಾತ್ರೆ ಕಿಡ್ನಿಗೆ ಭಾರವಾಗುತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆ. ಅದು ಹತ್ತಿರವಾದರೆ ಸಾಕು, ರೈಲ್ವೆಯ ಈ ನಿವೃತ್ತ ಗಾರ್ಡ್ ಪಬ್ಲಿಕ್ ಪರೀಕ್ಷೆಯ ಹುಡುಗನಾಗುತ್ತಾರೆ. ಚಿಕನ್ ಬಂದ್, ಬೆಳಗ್ಗೆ ಬಾಳೆದಿಂಡಿನ ರಸ, ಮಧ್ಯಾಹ್ನ ಬಾರ್ಲಿ ನೀರು, ಸಂಜೆ ಎಳನೀರು. ಬಸ್‌ಸ್ಟಾಪಿನಲ್ಲಿ ಯಾರೋ ಮಂಡಿನೋವೆಂದರೆ, "ಪೇನ್‌ಕಿಲ್ಲರ್ ಮುಟ್ಬೇಡಪ್ಪಾ, ಕಿಡ್ನಿ ಪೋಚು, ಹೋದಂಗೇ ಲೆಕ್ಕ!" ಎಂದು ಭಾಷಣ ಬೇರೆ. "ಸಾರ್, ಇದು ಪಾಸಾಗೋಕಲ್ಲ, ನಿಮ್ಮ ಕಿಡ್ನಿ ಉಳಿಸೋಕೆ. ತೊಂದರೆ ಕಂಡ್ರೆ ಬೇರೆ ಮಾತ್ರೆ ಕೊಡ್ತೀವಿ, ಅಷ್ಟೇ," ಎಂದು ಡಾಕ್ಟರು ನಗುತ್ತಾರೆ. ಮಾಮ ಹೆದರುವುದೇ ಆ ಬೇರೆ ಮಾತ್ರೆಗೆ. ಅವರಿಗೂ ಹೆಂಡತಿ ವಿನೋದತ್ತೆಗೂ ಇಷ್ಟು ವರ್ಷ ಒಂದೇ ಬಗೆಯ ಮಾತ್ರೆ. ಊಟ ಮುಗಿಸಿ, ಎದುರುಬದುರು ಕೂತು, ಕಣ್ಸನ್ನೆ ಮಾಡಿ ಒಟ್ಟಿಗೇ ನುಂಗುತ್ತಾರೆ. "ನಂದು ಬದಲಾದ್ರೆ ನೀನು ಒಬ್ಳೇ ಆಗ್ಬಿಡ್ತೀಯಲ್ಲೇ," ಎಂದು ಈ ಸಲ ಬಾಯಿಬಿಟ್ಟೇಬಿಟ್ಟರು. ಅತ್ತೆ ಬಾರ್ಲಿ ಪಾತ್ರೆಯನ್ನು ಒಲೆಯಿಂದ ಇಳಿಸಿದರು. "ಮಾತ್ರೆ ಬೇರೆಯಾದ್ರೆ ನಾನು ಒಬ್ಳೇ ಆಗಲ್ಲ ರೀ. ನೀವು ಹೋದ್ರೆ ಆಗ್ತೀನಿ. ನಾಳೆ ಈ ಬಾರ್ಲಿ, ಎಳನೀರು ಏನೂ ಕುಡೀದೆ ಹೋಗಿ ನಿಜವಾದ ರಕ್ತ ಕೊಟ್ಟು ಬನ್ನಿ."