ಸ್ವಯಂ ನಿಯಂತ್ರಣ ಸಮಿತಿಯ ಮುಂದೆ ಹೂವಿನವಳು

ಹಗರಿಬೊಮ್ಮನಹಳ್ಳಿಯ ವಾರಪತ್ರಿಕೆಯೊಂದರಲ್ಲಿ ನಾನು ಅಂಕಣ ಬರೆಯುತ್ತಿದ್ದಾಗ ಅಲ್ಲಿ ಇನ್ನೊಬ್ಬ ಅಂಕಣಕಾರನಿದ್ದ. ಅವನದು ಊರ ಸುದ್ದಿಯ ಅಂಕಣ. ಸುದ್ದಿ ಎನ್ನುವುದು ಮರ್ಯಾದೆಗೆ, ಇದ್ದದ್ದು ಬರೀ ಚಾಡಿ. ಯಾರ ಹೆಸರನ್ನೂ ಹಾಕುತ್ತಿರಲಿಲ್ಲ. ಹೆಸರಿಲ್ಲದಿದ್ದರೆ ಕೇಸಿಲ್ಲ ಎಂಬುದು ನಮ್ಮ ಕಡೆಯ ಸಣ್ಣ ಪತ್ರಿಕೆಗಳವರು ನಂಬಿಕೊಂಡು ಬಂದ ಕಾನೂನು. ಯಾವ ಪುಸ್ತಕದಲ್ಲಿದೆಯೋ ದೇವರೇ ಬಲ್ಲ.

ಒಂದು ವಾರ ಅವನು ಬರೆದ: ಹಡಗಲಿ ರಸ್ತೆಯ ತಿರುವಿನಲ್ಲಿ ಮಲ್ಲಿಗೆ ಮಾರುವ ವಿಧವೆಯ ಮನೆಗೆ ಕತ್ತಲಾದ ಮೇಲೂ ಗಿರಾಕಿಗಳು ಬರುತ್ತಾರಂತೆ. ಆ ತಿರುವಿನಲ್ಲಿ ಮಲ್ಲಿಗೆ ಮಾರುವವಳು ಒಬ್ಬಳೇ. ಅವಳು ಮಾಡಿದ ತಪ್ಪೆಂದರೆ, ಮದುವೆಮನೆಗೆಂದು ಕಟ್ಟಿಟ್ಟ ಹೂವನ್ನು ಇವನ ಸನ್ಮಾನಕ್ಕೆ ಕೊಡದೇ ಹೋದದ್ದು. ಅಂಕಣದ ಫೋಟೊ ವಾಟ್ಸ್‌ಆ್ಯಪಿನಲ್ಲಿ ಹಂಪಸಾಗರದವರೆಗೂ ಹೋಯಿತು. ಅಲ್ಲಿಯ ಮದುವೆಯವರು, ಹೇಳಿಟ್ಟಿದ್ದ ಹೂವಿನ ದಂಡೆ ಬೇಡವೆಂದರು. ಆಮೇಲೆ ಇನ್ನೊಂದು ಮನೆ, ಮತ್ತೊಂದು. ಇಷ್ಟು ವರ್ಷ ಅವರ ಮನೆಯ ಹೆಣ್ಣುಮಕ್ಕಳು ಮುಡಿದದ್ದು ಇವಳು ಕಟ್ಟಿದ ಹೂವನ್ನೇ. ಮದುವೆಯ ಹೂವಿಲ್ಲದಿದ್ದರೆ ಅವಳ ಹೊಟ್ಟೆ ತುಂಬುವುದಿಲ್ಲ.

ಅವಳು ನನ್ನ ಹತ್ತಿರ ಬಂದಳು. ವಕೀಲರೊಬ್ಬರು ಠಾಣೆಗೆ ಹೋಗೆಂದಿದ್ದರಂತೆ. ನಾನು ಬೇಡವೆಂದೆ. ಬರೆದದ್ದಕ್ಕೆಲ್ಲ ಪೊಲೀಸರು ಕೈಹಾಕಿದರೆ ನಾಳೆ ಯಾರೂ ಬರೆಯಲಾರರು, ಪತ್ರಿಕೆಯ ತಪ್ಪನ್ನು ಪತ್ರಿಕೆಯವರೇ ತಿದ್ದಿಕೊಳ್ಳಬೇಕು ಎಂದು ವರ್ಷಗಟ್ಟಲೆ ಬರೆದವನು ನಾನು. ಅದಕ್ಕೆಂದೇ ತಾಲ್ಲೂಕಿನ ಪತ್ರಿಕೆಗಳವರು ಸೇರಿ ಸ್ವಯಂ ನಿಯಂತ್ರಣ ಸಮಿತಿ ಮಾಡಿಕೊಂಡಿದ್ದರು. ಅವಳನ್ನು ಅಲ್ಲಿಗೆ ಕರೆದೊಯ್ದೆ.

ಸಮಿತಿಯ ಅಧ್ಯಕ್ಷ ನಮ್ಮ ಸಂಪಾದಕನೇ. ಪಕ್ಕದಲ್ಲಿ ಸದಸ್ಯನಾಗಿ ಕೂತವನು ಅದೇ ಅಂಕಣಕಾರ. ಹಿಂದಿನ ತಿಂಗಳಷ್ಟೇ ಇದೇ ಸಂಪಾದಕ, ಕುಡಿಯುವ ನೀರಿನ ಗುತ್ತಿಗೆದಾರನ ಬಗ್ಗೆ ನಾನು ಬರೆದದ್ದನ್ನು ಸಂಯಮವಿರಲಿ ಎಂದು ಕಿತ್ತುಹಾಕಿದ್ದ. ಆ ಜಾಗದಲ್ಲಿ ಗುತ್ತಿಗೆದಾರನ ಹುಟ್ಟುಹಬ್ಬದ ಜಾಹೀರಾತು ಬಂದಿತ್ತು. ಉಳ್ಳವನ ಮುಂದೆ ಇವರಿಗೆ ಸಂಯಮ, ಹೂವಿನವಳ ಮುಂದೆ ಸ್ವಾತಂತ್ರ್ಯ.

"ನಿನ್ನ ಹೆಸರು ಎಲ್ಲೈತಿ ತೋರ್ಸಮ್ಮ," ಎಂದ ಸಂಪಾದಕ.

"ಹೆಸರೇ ಹಾಕಿದ್ರ ಚಲೋ ಇರ್ತಿತ್ರಿ. ನನ್ನ ಹೆಸರಿನೋರು ಊರಾಗ ಬೇಕಾದಷ್ಟು ಮಂದಿ ಅದಾರ, ಯಾರೋ ಇರಬೇಕು ಅಂತಿದ್ರು. ನೀವು ನಾ ಕುಂದ್ರೋ ಜಾಗ ಹಾಕೀರಿ. ಅಲ್ಲಿ ನನ್ನ ಬಿಟ್ರ ಯಾರದಾರ?"

ಅಂಕಣಕಾರ ಮೊಬೈಲ್ ನೋಡುತ್ತ ಕೂತಿದ್ದ. ಉಳಿದವರು ಚಹಾ ಕುಡಿದು ತೀರ್ಪು ಕೊಟ್ಟರು: ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳ ಕೆಳಗೆ, ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ ಎಂಬ ಒಂದು ಸಾಲು.

"ಅದು ಸುಳ್ಳು ಅಂತ ಹಾಕ್ರಿ. ಆ ಮಾತು ಬಂದ ಜಾಗದಾಗ ಹಾಕ್ರಿ," ಎಂದಳು ಅವಳು.

"ಅಂಕಣದಾಗ ನಾವು ಕೈ ಆಡ್ಸಂಗಿಲ್ಲಮ್ಮ. ಅದು ಬರಿಯೋರ ಸ್ವಾತಂತ್ರ್ಯ," ಎಂದ ಸಂಪಾದಕ. ನಾಚಿಕೆಗೆಟ್ಟವನು, ನನ್ನ ಮುಖ ನೋಡಿಕೊಂಡೇ ಹೇಳಿದ.

"ಹಂಗಾರ ಅದು ಸುಳ್ಳು ಅಂತ ನನ್ನ ಅಂಕಣದಾಗ ನಾ ಬರಿತೀನಿ," ಎಂದೆ.

"ಸಮಿತಿ ಮುಂದೆ ಬಂದ ವಿಷಯ ಇದು. ಇದರ ಬಗ್ಗೆ ಬರಿಯಂಗಿಲ್ರಿ."

ಅವಳು ಎದ್ದು ಹೊರಗೆ ನಡೆದಳು. ಹಿಂದೆಯೇ ಹೋದ ನನಗೆ, "ನಿಮ್ಮ ಮಾತು ಕೇಳಿ ಇಲ್ಲಿಗೆ ಬಂದೆ ಅಣ್ಣಾರ. ಈಗ ಠಾಣಿಗೆ ಹೊಂಟೀನಿ. ಸಾಕ್ಷಿಗೆ ಬರ್ತೀರೇನು?" ಎಂದಳು.

ಪೊಲೀಸರು ಒಂದು ಸಲ ಪತ್ರಿಕೆಯ ಕಚೇರಿಗೆ ಕಾಲಿಟ್ಟರೆ ಮುಂದಿನ ಸಲ ಬರುವುದು ನನ್ನಂಥವನನ್ನು ಹುಡುಕಿಕೊಂಡೇ. ಅದು ಗೊತ್ತಿದ್ದೂ ಹೋದೆ, ಅವಳ ದೂರಿಗೆ ಸಾಕ್ಷಿಯಾದೆ.

ವಿಚಾರಣೆ ಇನ್ನೂ ನಡೆಯುತ್ತಿದೆ. ಮದುವೆಯವರು ಇನ್ನೂ ಅವಳ ಕಡೆ ತಲೆಹಾಕಿಲ್ಲ. ಸಮಿತಿ ಮಾತ್ರ ಮಾರನೆಯ ವಾರವೇ ಸಭೆ ಸೇರಿತು. ಪತ್ರಿಕಾ ಸ್ವಾತಂತ್ರ್ಯಕ್ಕೆ ದ್ರೋಹ ಬಗೆದವನು ಎಂದು ನನ್ನನ್ನು ಖಂಡಿಸಿ ನಿರ್ಣಯ ಮಾಡಿ, ಅದನ್ನು ನಮ್ಮ ಪತ್ರಿಕೆಯ ಮೊದಲ ಪುಟದಲ್ಲಿ, ನನ್ನ ಹೆಸರು, ಊರು, ಫೋಟೊ ಸಮೇತ ಅಚ್ಚುಹಾಕಿತು.